ನಿದ್ದೆ ತರಿಸುವ ಅಲರ್ಜಿ ಮಾತ್ರೆ, ತರಿಸದ ಅಲರ್ಜಿ ಮಾತ್ರೆ: ಯಾವ ತೊಂದರೆಗೆ ಯಾವುದು

ಔಷಧಿ ಅಂಗಡಿಗೆ ಹೋಗಿ 'ಅಲರ್ಜಿಗೆ ಒಂದು ಮಾತ್ರೆ ಕೊಡಿ' ಎಂದರೆ ಕೈಗೆ ಬರುವುದು ಅವಿಲ್ ಆಗಿರಬಹುದು, ಸೆಟ್ರಿಜಿನ್ ಆಗಿರಬಹುದು, ಲೆವೊಸೆಟ್ರಿಜಿನ್ ಮತ್ತು ಮಾಂಟೆಲುಕಾಸ್ಟ್ ಬೆರೆತದ್ದಾಗಿರಬಹುದು, ಅಂಗಡಿಯವರು ತುಸು ವಿಚಾರಿಸುವವರಾದರೆ ಫೆಕ್ಸೊಫೆನಡಿನ್ ಆಗಿರಬಹುದು. ಇವೆಲ್ಲ ಸೀನು ನಿಲ್ಲಿಸುತ್ತವೆ, ತುರಿಕೆ ಇಳಿಸುತ್ತವೆ. ಆದರೆ ನುಂಗಿದ ಮೇಲಿನ ಒಂದು ಹಗಲು, ಒಂದು ರಾತ್ರಿ ಮಾತ್ರ ಎಲ್ಲದರಲ್ಲೂ ಒಂದೇ ಬಗೆಯಲ್ಲಿ ಕಳೆಯುವುದಿಲ್ಲ. ಒಂದನ್ನು ನುಂಗಿ ಸ್ಕೂಟರ್ ಓಡಿಸಬಹುದು, ಇನ್ನೊಂದನ್ನು ನುಂಗಿದರೆ ಓಡಿಸಬಾರದು. ಆಯ್ಕೆಯ ಪ್ರಶ್ನೆ ನಿಜವಾಗಿ ಇಷ್ಟೇ: ಯಾವ ತೊಂದರೆಗೆ, ಯಾರಿಗೆ, ಮರುದಿನ ಬೆಳಗ್ಗೆ ಅವರಿಗೆ ಏನು ಕೆಲಸವಿದೆ?

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ದಿನನಿತ್ಯದ ಸೀನು, ಮೂಗು ಸೋರುವುದು, ಗಂಧೆ ಏಳುವುದು, ಇವಕ್ಕೆ ಹೊಸ ಪೀಳಿಗೆಯ ಮಾತ್ರೆಗಳೇ ಸರಿ. ಹಳೆಯ, ನಿದ್ದೆ ತರಿಸುವ ಮಾತ್ರೆಗಳಿಗೂ ತಮ್ಮವೇ ಆದ ಕೆಲವು ಜಾಗಗಳಿವೆ, ಅಲ್ಲಿ ಹೊಸವು ಕೆಲಸಕ್ಕೆ ಬಾರವು. ಆದರೆ ನಮ್ಮ ಮನೆಗಳಲ್ಲಿ ಆ ಜಾಗಗಳ ಆಚೆಗೂ ಹಳೆಯವೇ ಓಡಾಡುತ್ತಿವೆ. 'ನಿದ್ದೆ ಬಂತು ಎಂದರೆ ಮಾತ್ರೆ ಹಿಡಿದಿದೆ ಎಂದರ್ಥ' ಎಂಬ ನಂಬಿಕೆಯೂ ಜೊತೆಗಿದೆ. ಅಲರ್ಜಿ ಇಳಿಯುವುದಕ್ಕೂ ನಿದ್ದೆ ಬರುವುದಕ್ಕೂ ಸಂಬಂಧವಿಲ್ಲ.

ಎರಡು ಪೀಳಿಗೆ

ಅಲರ್ಜಿಯಾದಾಗ ದೇಹದ ಕೆಲವು ಜೀವಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ತುರಿಕೆ, ಸೀನು, ಚರ್ಮದ ಮೇಲೆ ಕೆಂಪಗೆ ಊದಿಕೊಳ್ಳುವುದು ಎಲ್ಲ ಅದರದೇ ಕೆಲಸ. ಅದೇ ಹಿಸ್ಟಮಿನ್ ಮೆದುಳಿನಲ್ಲಿ ಬೇರೆಯದೇ ಕೆಲಸ ಮಾಡುತ್ತದೆ, ನಮ್ಮನ್ನು ಎಚ್ಚರವಾಗಿಡುತ್ತದೆ. 1940ರ ದಶಕದಲ್ಲಿ ಬಂದ, ಹಿಸ್ಟಮಿನ್ ತಡೆಯುವ ಮೊದಲ ಮಾತ್ರೆಗಳು, ಅಂದರೆ ಮೊದಲ ಆಂಟಿಹಿಸ್ಟಮಿನ್‌ಗಳು ರಕ್ತದಿಂದ ಮೆದುಳಿಗೆ ಸಲೀಸಾಗಿ ದಾಟುತ್ತವೆ. ಮೂಗಿನಲ್ಲಿ ಹಿಸ್ಟಮಿನ್ ತಡೆಯಲು ನುಂಗಿದ್ದು ಮೆದುಳಿನಲ್ಲೂ ತಡೆಯುತ್ತದೆ, ಜೋಂಪು ಹತ್ತುತ್ತದೆ. ಆ ಕಾಲದ ಈ ಸಂಶೋಧನೆಗಳಿಗೆ ದಾರಿ ಹಾಕಿದ ಡೇನಿಯಲ್ ಬೊವೆ ಅವರಿಗೆ 1957ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರ ಕಾಲದ ಮಾತ್ರೆಗಳು ಇಂದಿಗೂ ನಮ್ಮ ಮನೆಯ ಡಬ್ಬಿಗಳಲ್ಲಿ ಇವೆ ಎಂಬುದು ಬೇರೆ ವಿಚಾರ.

ಹಳೆಯ ಪೀಳಿಗೆಯವು ಇವು: ಫೆನಿರಮೈನ್, ಅಂದರೆ ಎಲ್ಲರ ಬಾಯಲ್ಲಿರುವ ಅವಿಲ್. ಕ್ಲೋರ್‌ಫೆನಿರಮೈನ್, ಅಂದರೆ ಸಿಪಿಎಂ, ಇದು ಒಂಟಿಯಾಗಿ ಸಿಗುವುದಕ್ಕಿಂತ ನೆಗಡಿ ಮಾತ್ರೆಗಳ ಹೊಟ್ಟೆಯಲ್ಲಿ ಅಡಗಿರುವುದೇ ಹೆಚ್ಚು. ಡೈಫೆನ್‌ಹೈಡ್ರಮಿನ್, ಬೆನಾಡ್ರಿಲ್ ಕೆಮ್ಮಿನ ಸಿರಪ್‌ನಲ್ಲಿರುವುದು. ಪ್ರೊಮೆಥಜಿನ್, ಫೆನೆರ್ಗನ್ ಮತ್ತು ಅವೊಮಿನ್ ಹೆಸರಿನಲ್ಲಿ ಬರುವುದು. ಹೈಡ್ರಾಕ್ಸಿಜಿನ್, ಚರ್ಮದ ವೈದ್ಯರು ರಾತ್ರಿಯ ತುರಿಕೆಗೆ ಬರೆದುಕೊಡುವ ಅಟರಾಕ್ಸ್. ಮಕ್ಕಳಿಗೆ 'ಹಸಿವು ಹೆಚ್ಚಿಸುವ ಸಿರಪ್' ಎಂದು ಕೊಡುವ ಸೈಪ್ರೊಹೆಪ್ಟಡಿನ್ ಕೂಡ ಇದೇ ಕುಲದ್ದು. ಸಿರಪ್ ಕುಡಿದ ಮಗು ಮಧ್ಯಾಹ್ನವೆಲ್ಲ ತೂಕಡಿಸುವುದು ಅದಕ್ಕೇ.

ಹೊಸ ಪೀಳಿಗೆಯಲ್ಲಿ ಸೆಟ್ರಿಜಿನ್, ಲೆವೊಸೆಟ್ರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಇವೆ. ಇವು ಮೆದುಳಿಗೆ ಹೋಗುವುದು ಕಡಿಮೆ, ಹೋದರೂ ಅಲ್ಲಿನ ಕಾವಲು ವ್ಯವಸ್ಥೆ ಹೊರಗೆ ದೂಡುತ್ತದೆ. ಈ ಪೀಳಿಗೆಗೂ ಕಳಂಕ ಇಲ್ಲದಿಲ್ಲ. ನಿದ್ದೆ ತರಿಸದ ಮಾತ್ರೆ ಎಂದು ಹೆಸರಾಗಿದ್ದ ಟರ್ಫೆನಡಿನ್ ಕೆಲವು ಔಷಧಗಳ ಜೊತೆ ಸೇರಿದಾಗ ಹೃದಯದ ಬಡಿತವನ್ನು ಅಪಾಯಕಾರಿಯಾಗಿ ಕೆಡಿಸುತ್ತಿತ್ತು. 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ದೇಹದೊಳಗೆ ಟರ್ಫೆನಡಿನ್ ಮಾರ್ಪಟ್ಟು ಆಗುವ, ಹೃದಯಕ್ಕೆ ಆ ತೊಂದರೆ ಕೊಡದ ವಸ್ತುವೇ ಫೆಕ್ಸೊಫೆನಡಿನ್. ಹಾಗೆಯೇ ಹೈಡ್ರಾಕ್ಸಿಜಿನ್ ದೇಹದಲ್ಲಿ ಮಾರ್ಪಟ್ಟಾಗ ಸಿಗುವುದು ಸೆಟ್ರಿಜಿನ್. ತಾಯಿಯ ನಿದ್ದೆ ತರಿಸುವ ಗುಣ ಸ್ವಲ್ಪ ಮಗಳಿಗೂ ಬಂದಿದೆ.

'ನನಗೇನೂ ನಿದ್ದೆ ಬರುತ್ತಿಲ್ಲ' ಎಂಬ ಮಾತು

ಹಳೆಯ ಮಾತ್ರೆಗಳ ಬಗ್ಗೆ ಜನರಿಗೆ ಇರುವ ದೊಡ್ಡ ತಪ್ಪು ಕಲ್ಪನೆ ಇದು. ಅಯೋವಾ ವಿಶ್ವವಿದ್ಯಾಲಯದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಅಲರ್ಜಿ ಇರುವ 40 ಮಂದಿಯನ್ನು ಕಾರು ಓಡಿಸುವ ಕೃತಕ ಯಂತ್ರದಲ್ಲಿ ಕೂರಿಸಿ, ಬೇರೆ ಬೇರೆ ವಾರಗಳಲ್ಲಿ 50 ಮಿಲಿಗ್ರಾಂ ಡೈಫೆನ್‌ಹೈಡ್ರಮಿನ್, 60 ಮಿಲಿಗ್ರಾಂ ಫೆಕ್ಸೊಫೆನಡಿನ್, ಮದ್ಯ, ಮತ್ತು ಔಷಧವೇ ಇಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದರು. ಡೈಫೆನ್‌ಹೈಡ್ರಮಿನ್ ನುಂಗಿದಾಗ ಅವರು ಮದ್ಯ ಕುಡಿದಾಗಿನದಕ್ಕಿಂತಲೂ ಕೆಟ್ಟದಾಗಿ ಓಡಿಸಿದರು. ಫೆಕ್ಸೊಫೆನಡಿನ್ ನುಂಗಿದಾಗ ಹುಸಿ ಮಾತ್ರೆ ನುಂಗಿದಾಗಿನ ಹಾಗೆಯೇ ಓಡಿಸಿದರು. ಇದಕ್ಕಿಂತ ಮುಖ್ಯವಾದ ಸಂಗತಿ, ಅವರಿಗೆ ಎಷ್ಟು ನಿದ್ದೆ ಬಂದಂತಿದೆ ಎಂದು ಅವರೇ ಹೇಳಿದ್ದಕ್ಕೂ ಅವರು ಓಡಿಸಿದ ರೀತಿಗೂ ಹೊಂದಾಣಿಕೆಯೇ ಇರಲಿಲ್ಲ. ಕಣ್ಣು ತೆರೆದೇ ಇರುತ್ತದೆ, ಬ್ರೇಕಿನ ಮೇಲೆ ಕಾಲು ಹೋಗುವುದು ತಡವಾಗುತ್ತದೆ.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2014ರಲ್ಲಿ, ಅಪಘಾತಗಳಲ್ಲಿ ಸತ್ತ ವಿಮಾನ ಚಾಲಕರ ದೇಹದಲ್ಲಿ ಸಿಕ್ಕ ಔಷಧಗಳನ್ನು ಪರಿಶೀಲಿಸಿತು. ಸಾಮರ್ಥ್ಯ ಕುಂದಿಸಬಲ್ಲ ಔಷಧಗಳ ಪೈಕಿ ಹೆಚ್ಚು ಸಲ ಕಂಡದ್ದು ಇದೇ ಡೈಫೆನ್‌ಹೈಡ್ರಮಿನ್, ಅಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವ ಸಾಮಾನ್ಯ ಮಾತ್ರೆ.

ರಾತ್ರಿ ನುಂಗಿದರೆ ಬೆಳಗ್ಗೆ ಹೊತ್ತಿಗೆ ಇಳಿದಿರುತ್ತದೆ ಎಂಬ ಲೆಕ್ಕವೂ ಕೆಲವಕ್ಕೆ ಹೊಂದುವುದಿಲ್ಲ. ಕ್ಲೋರ್‌ಫೆನಿರಮೈನ್ ಮತ್ತು ಹೈಡ್ರಾಕ್ಸಿಜಿನ್ ವಯಸ್ಕರ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆ ಬೇಕು. ವಯಸ್ಸಾದವರಲ್ಲಿ ಹೈಡ್ರಾಕ್ಸಿಜಿನ್‌ಗೆ ಸುಮಾರು 29 ಗಂಟೆ. ಅಂದರೆ ರಾತ್ರಿ ಹತ್ತಕ್ಕೆ ನುಂಗಿದ್ದರ ಅರ್ಧಕ್ಕಿಂತ ಹೆಚ್ಚು ಪಾಲು ಮರುದಿನ ಮಧ್ಯಾಹ್ನವೂ ಒಳಗೇ ಇರುತ್ತದೆ. ಬಸ್, ಲಾರಿ, ಆಟೊ ಓಡಿಸುವವರು, ಗಿರಣಿ ಮತ್ತು ಯಂತ್ರಗಳ ಬಳಿ ಕೆಲಸ ಮಾಡುವವರು, ಅಡಿಕೆ ಮರ ಹತ್ತುವ ಕೊನೆಗಾರರು, ಕಟ್ಟಡದ ಸಾರುವೆ ಮೇಲೆ ನಿಲ್ಲುವವರು, ಇಂಥವರು ಗಂಧೆ ಎದ್ದಿದೆ ಎಂದು ಬೆಳಗ್ಗೆ ಅವಿಲ್ ನುಂಗಿ ಹೊರಡುವುದು ಬೇಡ. ಅವರ ಕೆಲಸವನ್ನು ಅಂಗಡಿಯವರಿಗೆ ಮೊದಲೇ ಹೇಳಿದರೆ ಬೇರೆ ಮಾತ್ರೆ ಸಿಗುತ್ತದೆ. ಬೆಲೆಯ ವ್ಯತ್ಯಾಸ ಕೆಲವು ರೂಪಾಯಿಗಳದ್ದು.

ತೊಂದರೆಗೆ ತಕ್ಕ ಮಾತ್ರೆ

ಧೂಳು, ಪರಾಗ, ಕಾಂಗ್ರೆಸ್ ಗಿಡದ ಹೂವು, ಹಳೆಯ ಪುಸ್ತಕದ ವಾಸನೆ, ಇವುಗಳಿಂದ ಬರುವ ಸೀನಿಗೆ ಹೊಸ ಪೀಳಿಗೆಯ ಯಾವುದಾದರೂ ಒಂದು, ದಿನಕ್ಕೆ ಒಮ್ಮೆ. ಮೂಗು ಕಟ್ಟಿಕೊಳ್ಳುವುದೇ ಮುಖ್ಯ ತೊಂದರೆಯಾದರೆ ಯಾವ ಮಾತ್ರೆಯೂ ಅಷ್ಟು ಉಪಯೋಗವಿಲ್ಲ, ವೈದ್ಯರು ಹೇಳುವ ಸ್ಟೀರಾಯ್ಡ್ ಮೂಗಿನ ಸ್ಪ್ರೇ ಹೆಚ್ಚು ಗುಣ ಕೊಡುತ್ತದೆ.

ಪಿತ್ತದ ಗಂಧೆ ಎಂದು ನಾವು ಕರೆಯುವ ಅರ್ಟಿಕೇರಿಯಾಕ್ಕೂ ಹೊಸವೇ ಮೊದಲ ಆಯ್ಕೆ. ಜಗತ್ತಿನ ಚರ್ಮವೈದ್ಯರ ಮಾರ್ಗಸೂಚಿಗಳು ಇದನ್ನೇ ಹೇಳುತ್ತವೆ. ಸಾಮಾನ್ಯ ಪ್ರಮಾಣಕ್ಕೆ ಬಗ್ಗದಿದ್ದರೆ ವೈದ್ಯರು ಅದೇ ಮಾತ್ರೆಯನ್ನು ನಾಲ್ಕು ಪಟ್ಟಿನವರೆಗೂ ಏರಿಸುತ್ತಾರೆ. ಅದು ಅವರ ಲೆಕ್ಕ, ನಮ್ಮದಲ್ಲ. ಹೊಸ ಮಾತ್ರೆಗೆ ಗಂಧೆ ಇಳಿಯಲಿಲ್ಲವೆಂದು ಅದರ ಮೇಲೆ ಅವಿಲ್ ಸೇರಿಸಿ ನುಂಗುವುದು ಎಲ್ಲ ಕಡೆ ಕಾಣುವ ರೂಢಿ. ಹಾಗೆ ಮಾಡಿದರೆ ಗಂಧೆ ಇಳಿಯುವುದಕ್ಕಿಂತ ಮೊದಲು ಮನುಷ್ಯ ಮಲಗುತ್ತಾನೆ.

ನೆಗಡಿ ಅಲರ್ಜಿಯಲ್ಲ, ವೈರಸ್ಸಿನದು. ಹಾಗಾಗಿ ಹೊಸ ಪೀಳಿಗೆಯ ಮಾತ್ರೆ ಇಲ್ಲಿ ಹೆಚ್ಚು ಮಾಡುವುದಿಲ್ಲ. ಹಳೆಯವು ದೇಹದ ದ್ರವಗಳನ್ನು ಒಣಗಿಸುವುದರಿಂದ ಮೂಗು ಸೋರುವುದು ಮೊದಲ ಒಂದೆರಡು ದಿನ ತುಸು ಕಡಿಮೆಯಾಗಬಹುದು. ಆದರೆ ಇಲ್ಲಿನ ನಿಜವಾದ ಅಪಾಯ ಬೇರೆ ಇದೆ. ಅಂಗಡಿಯಲ್ಲಿ ಕೊಡುವ ನೆಗಡಿ ಮಾತ್ರೆ ಒಂದೇ ಔಷಧವಲ್ಲ, ಅದರಲ್ಲಿ ಪ್ಯಾರಸಿಟಮಾಲ್, ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಒಟ್ಟಿಗೆ ಇರುತ್ತವೆ. ಜ್ವರಕ್ಕೆಂದು ಡೋಲೋ 650, ನೆಗಡಿಗೆಂದು ಈ ಮಾತ್ರೆ, ಕೆಮ್ಮಿಗೆಂದು ಒಂದು ಸಿರಪ್, ಸೀನಿಗೆಂದು ಒಂದು ಸೆಟ್ರಿಜಿನ್ ಎಂದು ನಾಲ್ಕು ತಂದರೆ ಪ್ಯಾರಸಿಟಮಾಲ್ ಎರಡು ಕಡೆಯಿಂದ, ಆಂಟಿಹಿಸ್ಟಮಿನ್ ಮೂರು ಕಡೆಯಿಂದ ಒಳಗೆ ಹೋಗುತ್ತದೆ. ಅಷ್ಟು ಸಾಲದೆಂಬಂತೆ, ಬಾಯಿಂದ ನುಂಗುವ ಫಿನೈಲೆಫ್ರಿನ್ ಮೂಗಿನ ಕಟ್ಟನ್ನು ಬಿಡಿಸುವುದೇ ಇಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ನವೆಂಬರಿನಲ್ಲಿ ಅದನ್ನು ಪಟ್ಟಿಯಿಂದ ತೆಗೆಯಲು ಪ್ರಸ್ತಾವ ಇಟ್ಟಿದೆ. ನೆಗಡಿಗೆ ಜ್ವರವಿದ್ದರೆ ಪ್ಯಾರಸಿಟಮಾಲ್, ಮೂಗಿಗೆ ಉಪ್ಪುನೀರಿನ ಹನಿ, ಉಳಿದದ್ದಕ್ಕೆ ಒಂದು ವಾರದ ತಾಳ್ಮೆ ಸಾಕು.

ಪ್ರಯಾಣದ ವಾಂತಿಗೆ ಮಾತ್ರ ಹಳೆಯ ಪೀಳಿಗೆಗೆ ಪೂರ್ತಿ ಅಂಕ. ಚಾರ್ಮಾಡಿ, ಆಗುಂಬೆ, ಶಿರಾಡಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವವರಿಗೆ ಸೆಟ್ರಿಜಿನ್, ಫೆಕ್ಸೊಫೆನಡಿನ್ ಯಾವುದೂ ಉಪಯೋಗವಿಲ್ಲ. ಏಕೆಂದರೆ ಆ ತೊಳಸು ಹುಟ್ಟುವುದು ಒಳಕಿವಿ ಮತ್ತು ಮೆದುಳಿನ ನಡುವೆ, ಮೆದುಳಿಗೆ ಹೋಗದ ಔಷಧ ಅದನ್ನು ಮುಟ್ಟುವುದೇ ಇಲ್ಲ. ಪ್ರೊಮೆಥಜಿನ್ ಇರುವ ಅವೊಮಿನ್ 25 ಮಿಲಿಗ್ರಾಂ ಅನ್ನು ದೂರದ ಪ್ರಯಾಣವಾದರೆ ಹಿಂದಿನ ರಾತ್ರಿ ಮಲಗುವಾಗ, ಹತ್ತಿರದ್ದಾದರೆ ಹೊರಡುವ ಒಂದೆರಡು ಗಂಟೆ ಮೊದಲು ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಹೊರಗೆ ಬರುತ್ತದೆ. ನುಂಗಿದವರು ಹಿಂದಿನ ಸೀಟಿನಲ್ಲಿ ಇರಬೇಕು, ಸ್ಟಿಯರಿಂಗ್ ಹಿಂದೆ ಅಲ್ಲ.

ಬಸುರಿಯರ ಬೆಳಗಿನ ವಾಕರಿಕೆಗೆ ಪ್ರಸೂತಿ ವೈದ್ಯರು ಕೊಡುವ ಡಾಕ್ಸಿಲಮಿನ್ ಮತ್ತು ಬಿ6 ಜೀವಸತ್ವದ ಮಾತ್ರೆಯೂ ಹಳೆಯ ಪೀಳಿಗೆಯದೇ. ಬಹುಕಾಲದ ಬಳಕೆಯಲ್ಲಿ ಸುರಕ್ಷಿತ ಎನಿಸಿಕೊಂಡಿದೆ, ಆದರೆ ನಿದ್ದೆ ತರುತ್ತದೆ. ಬಸುರಿಯ ಅಲರ್ಜಿಗಾದರೆ ಸೆಟ್ರಿಜಿನ್, ಲೊರಾಟಡಿನ್ ಕಡೆಗೆ ವೈದ್ಯರು ಒಲಿಯುತ್ತಾರೆ. ಹೈಡ್ರಾಕ್ಸಿಜಿನ್ ಅನ್ನು ಮೊದಲ ತಿಂಗಳುಗಳಲ್ಲಿ ಕೊಡುವುದಿಲ್ಲ. ಹಾಲೂಡಿಸುವ ತಾಯಿಗೂ ಸೆಟ್ರಿಜಿನ್, ಲೊರಾಟಡಿನ್ ಎರಡೇ ವಾಸಿ. ಹಳೆಯವು ಹಾಲಿನ ಮೂಲಕ ಕೂಸಿಗೂ ಮಂಪರು ದಾಟಿಸಬಲ್ಲವು, ಹಾಲನ್ನೂ ಕಡಿಮೆ ಮಾಡಬಲ್ಲವು.

ಇನ್ನು ನಿದ್ದೆಗೆಂದೇ ಅಲರ್ಜಿ ಮಾತ್ರೆ ನುಂಗುವವರು. ಇವರ ಸಂಖ್ಯೆ ಯಾರೂ ಒಪ್ಪಿಕೊಳ್ಳುವುದಕ್ಕಿಂತ ದೊಡ್ಡದು ಎಂದು ನನ್ನ ಗುಮಾನಿ. ನಿದ್ರೆ ಮಾತ್ರೆ ಕೇಳಿದರೆ ಚೀಟಿ ಕೇಳುತ್ತಾರೆ, ಅವಿಲ್ ಕೇಳಿದರೆ ಯಾರೂ ಏನೂ ಕೇಳುವುದಿಲ್ಲ. ಮೊದಲ ಒಂದೆರಡು ರಾತ್ರಿ ನಿದ್ದೆ ಬರುತ್ತದೆ ಕೂಡ. ಮೂರು-ನಾಲ್ಕು ದಿನಗಳಲ್ಲಿ ಮೆದುಳು ಒಗ್ಗಿಕೊಂಡು ಮಂಪರಿನ ಪರಿಣಾಮ ಕುಂದುತ್ತದೆ. ಬಾಯಿ ಒಣಗುವುದು, ಮಲಬದ್ಧತೆ ಮಾತ್ರ ಉಳಿಯುತ್ತವೆ, ಮಾತ್ರೆ ಒಂದರಿಂದ ಎರಡಾಗುತ್ತದೆ. ಅಮೆರಿಕದ ನಿದ್ರಾವೈದ್ಯರ ಸಂಘದ 2017ರ ಮಾರ್ಗಸೂಚಿ ನಿದ್ರಾಹೀನತೆಗೆ ಡೈಫೆನ್‌ಹೈಡ್ರಮಿನ್ ಬೇಡ ಎಂದೇ ಸಲಹೆ ಮಾಡಿದೆ. ತುರಿಕೆಯಿಂದ ರಾತ್ರಿಯಿಡೀ ಎಚ್ಚರವಿರುವ ಆರೋಗ್ಯವಂತ ವಯಸ್ಕನಿಗೆ ವೈದ್ಯರು ಕೆಲವು ದಿನ ಹೈಡ್ರಾಕ್ಸಿಜಿನ್ ಬರೆದರೆ ಅದಕ್ಕೆ ಕಾರಣವಿದೆ. ಆ ಚೀಟಿಯನ್ನು ಇಟ್ಟುಕೊಂಡು ಮುಂದಿನ ವರ್ಷವೂ ಕೊಳ್ಳುವುದಕ್ಕೆ ಕಾರಣವಿಲ್ಲ.

ಅಜ್ಜ, ಅಜ್ಜಿ, ಮಗು

ಹಳೆಯ ಮಾತ್ರೆಗಳು ಹಿಸ್ಟಮಿನ್ ಒಂದನ್ನೇ ತಡೆಯುವುದಿಲ್ಲ. ಅಸಿಟೈಲ್‌ಕೋಲಿನ್ ಎಂಬ ಮತ್ತೊಂದು ನರಸಂದೇಶವಾಹಕವನ್ನೂ ತಡೆಯುತ್ತವೆ. ಬಾಯಿ, ಕಣ್ಣು ಒಣಗುವುದು, ಕಣ್ಣು ಮಂಜಾಗುವುದು, ಮಲ ಕಟ್ಟುವುದು, ಮೂತ್ರ ಸರಾಗವಾಗಿ ಹೋಗದಿರುವುದು ಎಲ್ಲ ಅದರ ಫಲ. ಯುವಕನಿಗೆ ಇವು ಕಿರಿಕಿರಿ, ಅರವತ್ತೈದು ದಾಟಿದವರಿಗೆ ಆಸ್ಪತ್ರೆಯ ದಾರಿ.

ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವ ಹಿರಿಯರೊಬ್ಬರು ನೆಗಡಿ ಎಂದು ಎರಡು ದಿನ ನೆಗಡಿ ಮಾತ್ರೆ ನುಂಗಿ, ಮೂರನೆಯ ದಿನ ಮೂತ್ರ ಪೂರ್ತಿ ಕಟ್ಟಿ, ರಾತ್ರಿ ತುರ್ತು ವಿಭಾಗದಲ್ಲಿ ನಳಿಕೆ ಹಾಕಿಸಿಕೊಳ್ಳುವುದು ವೈದ್ಯರಿಗೆಲ್ಲ ಗೊತ್ತಿರುವ ಕಥೆ. ಕಣ್ಣಿನ ಒತ್ತಡದ ಒಂದು ಬಗೆಯ ಕಾಯಿಲೆ, ಅಂದರೆ ಕೋನ ಮುಚ್ಚುವ ಗ್ಲಾಕೋಮಾ ಇರುವವರಿಗೆ ಇದೇ ಮಾತ್ರೆ ಕಣ್ಣಿನ ತೀವ್ರ ನೋವನ್ನು ತಂದು ದೃಷ್ಟಿಗೇ ಕುತ್ತು ತರಬಹುದು. ರಾತ್ರಿ ಬಚ್ಚಲಿಗೆ ಎದ್ದಾಗ ತಲೆ ತಿರುಗಿ ಬೀಳುವುದು, ಸೊಂಟದ ಮೂಳೆ ಮುರಿಯುವುದು ಇನ್ನೊಂದು.

ಎಲ್ಲಕ್ಕಿಂತ ಮನೆಯವರ ಕಣ್ಣು ತಪ್ಪುವುದು ಗೊಂದಲ. ಅಜ್ಜಿ ಇದ್ದಕ್ಕಿದ್ದಂತೆ ಹೊತ್ತು ಗೊತ್ತಿಲ್ಲದೆ ಮಾತಾಡತೊಡಗಿದರೆ, ಇಲ್ಲದವರನ್ನು ಕಂಡೆನೆಂದರೆ 'ವಯಸ್ಸಾಯಿತು' ಎಂದು ಸುಮ್ಮನಾಗುತ್ತೇವೆ. ಕಳೆದ ವಾರ ಶುರುವಾದ ತುರಿಕೆ ಮಾತ್ರೆಯ ಕಡೆಗೆ ಯಾರೂ ನೋಡುವುದಿಲ್ಲ. ಮರೆಗುಳಿತನಕ್ಕೆ ಡೊನೆಪೆಜಿಲ್ ತೆಗೆದುಕೊಳ್ಳುತ್ತಿರುವವರಿಗೆ ಹಳೆಯ ಆಂಟಿಹಿಸ್ಟಮಿನ್ ಕೊಡುವುದಂತೂ ವಿಚಿತ್ರ ಚಿಕಿತ್ಸೆ: ಒಂದು ಮಾತ್ರೆ ಅಸಿಟೈಲ್‌ಕೋಲಿನ್ ಹೆಚ್ಚಿಸಲು, ಇನ್ನೊಂದು ಅದನ್ನು ತಡೆಯಲು. ಈ ಬಗೆಯ ಔಷಧಗಳನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಮರೆಗುಳಿತನ ಹೆಚ್ಚು ಕಂಡಿದೆ. ಕಾರಣ ಇದೇ ಎಂದು ಸಾಬೀತಾಗಿಲ್ಲ, ಆದರೂ ಎಚ್ಚರಕ್ಕೆ ಅಷ್ಟು ಸಾಕು. ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘ ಸಿದ್ಧಪಡಿಸುವ ಬಿಯರ್ಸ್ ಪಟ್ಟಿ ಹಿರಿಯರಿಗೆ ಹಳೆಯ ಪೀಳಿಗೆಯ ಆಂಟಿಹಿಸ್ಟಮಿನ್ ಬೇಡ ಎನ್ನುತ್ತದೆ. ಯುರೋಪಿನ ಔಷಧ ಸಂಸ್ಥೆ 2015ರಲ್ಲಿ ಹೃದಯ ಬಡಿತದ ತೊಂದರೆಯ ಕಾರಣಕ್ಕೆ ಹೈಡ್ರಾಕ್ಸಿಜಿನ್‌ಗೆ ಮಿತಿ ಹಾಕಿತು: ವಯಸ್ಕರಿಗೆ ದಿನಕ್ಕೆ 100 ಮಿಲಿಗ್ರಾಂ, ಹಿರಿಯರಿಗೆ ತಪ್ಪಿಸಲಾಗದಿದ್ದರೆ 50 ಮೀರಬಾರದು.

ಮಕ್ಕಳ ವಿಷಯದಲ್ಲಿ ನಾನು ಸ್ವಲ್ಪ ಒರಟಾಗಿಯೇ ಹೇಳುತ್ತೇನೆ. ರಾತ್ರಿ ಬಸ್ಸಿನಲ್ಲೋ ವಿಮಾನದಲ್ಲೋ ಮಗು ಅಳದಿರಲಿ ಎಂದು ಫೆನೆರ್ಗನ್ ಸಿರಪ್ ಕುಡಿಸುವುದು ನಿಲ್ಲಬೇಕು. ಎರಡು ವರ್ಷದೊಳಗಿನ ಮಕ್ಕಳಲ್ಲಿ ಪ್ರೊಮೆಥಜಿನ್ ಉಸಿರಾಟವನ್ನು ಕುಗ್ಗಿಸಿ ಸಾವು ತಂದ ಪ್ರಕರಣಗಳ ನಂತರ, 2004ರಲ್ಲಿ ಎಫ್‌ಡಿಎ ಅದರ ಮೇಲೆ ಅತ್ಯಂತ ಕಟುವಾದ ಎಚ್ಚರಿಕೆ ಅಚ್ಚು ಹಾಕಿಸಿತು. ಇನ್ನೂ ಒಂದು ಸೋಜಿಗವಿದೆ. ಕೆಲವು ಮಕ್ಕಳಿಗೆ ಈ ಸಿರಪ್ ನಿದ್ದೆ ತರುವುದಿಲ್ಲ, ಬದಲಿಗೆ ಕೆರಳಿಸುತ್ತದೆ; ಮಗು ಇಡೀ ರಾತ್ರಿ ಕುಣಿಯುತ್ತದೆ, ಅಳುತ್ತದೆ. ಆಗ ತಾಯ್ತಂದೆಯರು ಪ್ರಮಾಣ ಸಾಲಲಿಲ್ಲ ಎಂದು ಇನ್ನೊಂದು ಚಮಚ ಕೊಡುತ್ತಾರೆ. ಅಪಾಯ ಇರುವುದು ಆ ಎರಡನೆಯ ಚಮಚದಲ್ಲಿ.

ನೆಗಡಿ ಸಿರಪ್‌ಗಳ ಬಗ್ಗೆ ನಮ್ಮ ದೇಶದಲ್ಲೂ ಆದೇಶಗಳಿವೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆತ ಸಿರಪ್‌ಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಅದನ್ನು ಲೇಬಲ್ ಮೇಲೆ ಅಚ್ಚು ಹಾಕಬೇಕು ಎಂದು ಭಾರತದ ಔಷಧ ಮಹಾನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದರು. 2025ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಸತ್ತರು. ಅಲ್ಲಿ ಕೊಂದದ್ದು ಆಂಟಿಹಿಸ್ಟಮಿನ್ ಅಲ್ಲ, ಸಿರಪ್‌ನಲ್ಲಿ ಸೇರಿಕೊಂಡಿದ್ದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ಆದರೆ ಅದರ ಬೆನ್ನಿಗೆ ಕೇಂದ್ರ ಆರೋಗ್ಯ ಇಲಾಖೆ ನೆನಪಿಸಿದ ಮಾತು ಎಲ್ಲ ಸಿರಪ್‌ಗೂ ಹೊಂದುತ್ತದೆ: ಎರಡು ವರ್ಷದೊಳಗೆ ಕೆಮ್ಮು-ನೆಗಡಿಯ ಔಷಧ ಬೇಡ, ಐದರೊಳಗೆ ಸಾಮಾನ್ಯವಾಗಿ ಬೇಡ. ಮಗುವಿಗೆ ನಿಜವಾಗಿ ಅಲರ್ಜಿಯಿದ್ದರೆ ಮಕ್ಕಳ ವೈದ್ಯರು ವಯಸ್ಸು, ತೂಕ ನೋಡಿ ಸೆಟ್ರಿಜಿನ್ ಸಿರಪ್‌ನ ಪ್ರಮಾಣ ಹೇಳುತ್ತಾರೆ. ಅಳೆಯುವುದು ಬಾಟಲಿಯ ಜೊತೆ ಬಂದ ಅಳತೆಯ ಮುಚ್ಚಳದಲ್ಲಿ, ಅಡುಗೆಮನೆಯ ಚಮಚದಲ್ಲಲ್ಲ.

ಜೊತೆಗೆ ಬೇಡವಾದವು

ಮದ್ಯ, ನಿದ್ರೆ ಮಾತ್ರೆ, ಆತಂಕಕ್ಕೆ ಕೊಡುವ ಅಲ್‌ಪ್ರಜೋಲಂನಂಥವು, ಟ್ರಮಡಾಲ್‌ನಂಥ ನೋವುನಿವಾರಕಗಳು, ಕೋಡೀನ್ ಇರುವ ಕೆಮ್ಮಿನ ಸಿರಪ್, ಅಪಸ್ಮಾರದ ಕೆಲವು ಔಷಧಗಳು, ಖಿನ್ನತೆಗೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್. ಇವುಗಳ ಜೊತೆ ಹಳೆಯ ಆಂಟಿಹಿಸ್ಟಮಿನ್ ಸೇರಿದರೆ ಮಂಪರು ಕೂಡುವುದಷ್ಟೇ ಅಲ್ಲ, ಉಸಿರಾಟವೂ ನಿಧಾನವಾಗಬಹುದು. ಮದುವೆ ಮನೆಯಲ್ಲಿ ರಾತ್ರಿ ಎರಡು ಪೆಗ್ ಹಾಕಿ, ಸೀನು ಬಂತೆಂದು ಒಂದು ಅವಿಲ್ ನುಂಗಿ ಮಲಗುವುದು ತಮಾಷೆಯ ವಿಷಯವಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ಗೊರಕೆ ಇರುವವರಿಗೆ ಇನ್ನೂ ಕಷ್ಟ.

ಅಂದಹಾಗೆ, ಅನೇಕ ಆಂಟಿಹಿಸ್ಟಮಿನ್‌ಗಳು ನಮ್ಮ ಔಷಧ ನಿಯಮಗಳ ಶೆಡ್ಯೂಲ್ ಜಿ ಪಟ್ಟಿಯಲ್ಲಿವೆ. ವೈದ್ಯರ ಮೇಲ್ವಿಚಾರಣೆ ಇಲ್ಲದೆ ಇದನ್ನು ಸೇವಿಸುವುದು ಅಪಾಯಕಾರಿ ಎಂಬ ಎಚ್ಚರಿಕೆ ಅವುಗಳ ಮೇಲೆ ಇರಲೇಬೇಕು. ಸ್ಟ್ರಿಪ್ಪಿನ ಹಿಂಭಾಗದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಅದು ಇರುತ್ತದೆ. ಅಂಗಡಿಯವರು ಎರಡು ಮಾತ್ರೆ ಕತ್ತರಿಸಿ ಕೊಟ್ಟಾಗ ಆ ಸಾಲು ಉಳಿದ ತುಂಡಿನಲ್ಲಿ ಅಂಗಡಿಯಲ್ಲೇ ಉಳಿಯುತ್ತದೆ.

ಹೊಸವುಗಳಲ್ಲೇ ಯಾವುದು?

ಸೆಟ್ರಿಜಿನ್ 10 ಮಿಲಿಗ್ರಾಂ ಅಗ್ಗ, ಬೇಗ ಹಿಡಿಯುತ್ತದೆ, ಜನೌಷಧಿ ಕೇಂದ್ರದಲ್ಲೂ ಸಿಗುತ್ತದೆ. 'ನಿದ್ದೆ ತರಿಸದ್ದು' ಎಂಬ ಗುಂಪಿನಲ್ಲಿ ಇದ್ದರೂ ಪೂರ್ತಿ ಹಾಗಲ್ಲ. ಅದರ ಅಮೆರಿಕದ ಲೇಬಲ್ ಪ್ರಕಾರ 10 ಮಿಲಿಗ್ರಾಂ ನುಂಗಿದವರಲ್ಲಿ 14 ಶೇಕಡ ಮಂದಿಗೆ ತೂಕಡಿಕೆ ಬಂದಿತ್ತು, ಹುಸಿ ಮಾತ್ರೆಯವರಲ್ಲಿ 6 ಶೇಕಡ. ಹಾಗಾಗಿ ರಾತ್ರಿ ನುಂಗುವುದು ವಾಸಿ, ಮೊದಲ ಸಲ ನುಂಗಿದ ಮರುದಿನ ವಾಹನ ಓಡಿಸದೆ ನೋಡಬೇಕು. ಲೆವೊಸೆಟ್ರಿಜಿನ್ 5 ಮಿಲಿಗ್ರಾಂ ಅದರದೇ ಪರಿಷ್ಕೃತ ರೂಪ, ತೂಕಡಿಕೆಯಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ. ಎರಡೂ ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ ಕಿಡ್ನಿ ತೊಂದರೆ ಇರುವವರಿಗೆ ಪ್ರಮಾಣ ತಗ್ಗಿಸಬೇಕು.

ಲೆವೊಸೆಟ್ರಿಜಿನ್ ಜೊತೆ, ಉಬ್ಬಸಕ್ಕೂ ಕೊಡುವ ಮಾಂಟೆಲುಕಾಸ್ಟ್ ಬೆರೆತ ಮಾತ್ರೆ ಈಗ ಎಲ್ಲೆಲ್ಲೂ ಇದೆ. ಬರೀ ಸೀನಿಗೆ ಅದು ಬೇಕಿಲ್ಲ. ಮಾಂಟೆಲುಕಾಸ್ಟ್‌ನಿಂದ ಕೆಲವರಿಗೆ ಕೆಟ್ಟ ಕನಸು, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಕೂಡ ಬರುವುದೆಂದು 2020ರಲ್ಲಿ ಎಫ್‌ಡಿಎ ಕಟು ಎಚ್ಚರಿಕೆ ಹಾಕಿಸಿತು. ಸಾಧಾರಣ ಮೂಗಿನ ಅಲರ್ಜಿಗೆ ಬೇರೆ ಔಷಧ ಸಾಲದಿದ್ದರೆ ಮಾತ್ರ ಕೊಡಿ ಎಂದಿತು. ಮಗು ಈ ಮಾತ್ರೆ ಶುರುಮಾಡಿದ ಮೇಲೆ ರಾತ್ರಿ ಬೆಚ್ಚಿ ಏಳುತ್ತಿದ್ದರೆ ದೃಷ್ಟಿ ತೆಗೆಯುವ ಮುನ್ನ ವೈದ್ಯರಿಗೆ ಹೇಳಿ.

ಫೆಕ್ಸೊಫೆನಡಿನ್ ನಿದ್ದೆಯ ವಿಷಯದಲ್ಲಿ ಎಲ್ಲಕ್ಕಿಂತ ನಿರುಪದ್ರವಿ. ಸೀನಿಗೆ 120, ಗಂಧೆಗೆ 180 ಮಿಲಿಗ್ರಾಂ. ಚಾಲಕರಿಗೆ, ಪರೀಕ್ಷೆ ಬರೆಯುವವರಿಗೆ ನನ್ನ ಮೊದಲ ಆಯ್ಕೆ. ಇದಕ್ಕೊಂದು ಪಥ್ಯವಿದೆ. ಕಿತ್ತಳೆ, ಸೇಬು, ಚಕ್ಕೋತದಂಥ ಹಣ್ಣಿನ ರಸದ ಜೊತೆ ನುಂಗಿದರೆ ಮಾತ್ರೆ ಕರುಳಿನಿಂದ ಸರಿಯಾಗಿ ಒಳಗೆ ಹೋಗುವುದಿಲ್ಲ, ನೀರಿನಲ್ಲೇ ನುಂಗಬೇಕು. ಎದೆಯುರಿಗೆ ಕುಡಿಯುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ ಜೊತೆಗೂ ಬೇಡ. ಬಿಲಾಸ್ಟಿನ್ 20 ಮಿಲಿಗ್ರಾಂ ಇನ್ನೂ ಮಡಿವಂತ: ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ಲೊರಾಟಡಿನ್ 10 ಮಿಲಿಗ್ರಾಂ ಸೌಮ್ಯ, ನಿಧಾನ.

ಅಲರ್ಜಿ ಪರೀಕ್ಷೆಗೆ ಚರ್ಮಕ್ಕೆ ಚುಚ್ಚಿ ನೋಡುವವರಿದ್ದರೆ ಹಳೆಯದಾಗಲಿ ಹೊಸದಾಗಲಿ, ಸಾಮಾನ್ಯವಾಗಿ ಒಂದು ವಾರ ಮೊದಲೇ ನಿಲ್ಲಿಸಿರಬೇಕು. ಇಲ್ಲದಿದ್ದರೆ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ.

ಮಾತ್ರೆಯ ಕೈ ಮೀರಿದಾಗ

ಜೇನು ಕಚ್ಚಿದಾಗ, ಸಿಗಡಿ ತಿಂದಾಗ, ಇಂಜೆಕ್ಷನ್ ಚುಚ್ಚಿಸಿಕೊಂಡಾಗ ಮೈಯೆಲ್ಲ ಗಂಧೆ ಎದ್ದು, ತುಟಿ ನಾಲಿಗೆ ಊದಿ, ಉಸಿರು ಎಳೆಯತೊಡಗಿದರೆ, ತಲೆ ಸುತ್ತಿ ಕುಸಿದರೆ ಅದು ಅನಾಫಿಲಾಕ್ಸಿಸ್. ಇಲ್ಲಿ ಹಳೆಯದು ಹೊಸದು ಎಂಬ ಆಯ್ಕೆಯೇ ಇಲ್ಲ. ಜೀವ ಉಳಿಸುವುದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಒಂದೇ. ನಮ್ಮ ಊರುಗಳಲ್ಲಿ 'ಒಂದು ಅವಿಲ್, ಒಂದು ಡೆಕ್ಸಾ (ಸ್ಟೀರಾಯ್ಡ್)' ಇಂಜೆಕ್ಷನ್ ಹಾಕಿ ಕಾಯುವ ಪದ್ಧತಿ ಗಟ್ಟಿಯಾಗಿ ಬೇರೂರಿದೆ. ಅವಿಲ್ ತುರಿಕೆ ಇಳಿಸುತ್ತದೆ, ಮುಚ್ಚುತ್ತಿರುವ ಉಸಿರಿನ ದಾರಿಯನ್ನು ತೆರೆಯುವುದಿಲ್ಲ, ಬೀಳುತ್ತಿರುವ ರಕ್ತದೊತ್ತಡವನ್ನು ಎತ್ತುವುದಿಲ್ಲ. ಮನೆಯಲ್ಲಿ ಮಾತ್ರೆ ಹುಡುಕುತ್ತಾ ಕೂರದೆ 108ಕ್ಕೆ ಕರೆ ಮಾಡಿ, ಮಲಗಿಸಿ, ಕಾಲು ಎತ್ತರಿಸಿ. ಉಸಿರಾಟ ಕಷ್ಟವಿದ್ದರೆ ಕೂರಿಸಿ.

ಹಳೆಯ ಮಾತ್ರೆ ಪ್ರಮಾಣ ಮೀರಿ ಒಳಗೆ ಹೋದಾಗಲೂ ತಡ ಮಾಡುವಂತಿಲ್ಲ. ಮೈ ಬಿಸಿಯಾಗಿ ಕೆಂಪಾಗಿ ಒಣಗಿರುವುದು, ಕಣ್ಣಿನ ಪಾಪೆ ಅಗಲವಾಗುವುದು, ಬಡಬಡಿಸುವುದು, ಎದೆ ವೇಗವಾಗಿ ಹೊಡೆದುಕೊಳ್ಳುವುದು, ಫಿಟ್ಸ್ ಬರುವುದು ಅದರ ಲಕ್ಷಣಗಳು. 2020ರಲ್ಲಿ ಸಾಮಾಜಿಕ ಜಾಲತಾಣದ ಸವಾಲೊಂದಕ್ಕಾಗಿ ಡೈಫೆನ್‌ಹೈಡ್ರಮಿನ್ ಮಾತ್ರೆಗಳನ್ನು ಒಟ್ಟಿಗೆ ನುಂಗಿ ಅಮೆರಿಕದ ಹದಿಹರೆಯದವರು ಆಸ್ಪತ್ರೆ ಸೇರಿದರು, ಸಾವೂ ವರದಿಯಾಯಿತು. ಮಗು ಸ್ಟ್ರಿಪ್ ಬಿಡಿಸಿ ತಿಂದಿದೆ ಎಂದು ಅನುಮಾನ ಬಂದರೆ ಲಕ್ಷಣಕ್ಕೆ ಕಾಯಬೇಡಿ, ವಾಂತಿ ಮಾಡಿಸಬೇಡಿ, ಖಾಲಿ ಸ್ಟ್ರಿಪ್ ಸಹಿತ ಆಸ್ಪತ್ರೆಗೆ ಹೋಗಿ.

ನಿಲ್ಲಿಸುವಾಗ

ಹೊಸ ಪೀಳಿಗೆಯ ಮಾತ್ರೆಗಳನ್ನು ಇಷ್ಟು ಹೊಗಳಿದ ಮೇಲೆ ಒಂದು ಮಾತು ಬಾಕಿ ಇದೆ. ಸೆಟ್ರಿಜಿನ್ ಅಥವಾ ಲೆವೊಸೆಟ್ರಿಜಿನ್ ಅನ್ನು ತಿಂಗಳು, ವರ್ಷಗಟ್ಟಲೆ ದಿನಾ ನುಂಗಿ ಒಮ್ಮೆಲೇ ಬಿಟ್ಟವರಲ್ಲಿ ಕೆಲವರಿಗೆ ಕೆಲವೇ ದಿನಗಳಲ್ಲಿ ಮೈಯೆಲ್ಲ ಭಯಂಕರ ತುರಿಕೆ ಶುರುವಾಗುತ್ತದೆ. ಮೊದಲು ಅವರಿಗೆ ತುರಿಕೆಯೇ ಇರಲಿಲ್ಲ. ಅಪರೂಪ, ಆದರೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಎಚ್ಚರಿಕೆ ಹೊರಡಿಸುವಷ್ಟು ನಿಜ. ಇದನ್ನು ತಿಳಿಯದವರು ಅಲರ್ಜಿ ಉಲ್ಬಣಿಸಿತೆಂದು ಮಾತ್ರೆಗೆ ಮರಳುತ್ತಾರೆ, ತುರಿಕೆ ನಿಲ್ಲುತ್ತದೆ, ಮತ್ತೆ ವರ್ಷಗಟ್ಟಲೆ ನುಂಗುತ್ತಾರೆ. ಹಾಗೆ ಆದವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಮತ್ತೆ ಶುರುಮಾಡಿ, ನಂತರ ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡುತ್ತಾ ಬಿಡಬಹುದು. ಕೆಲವರಿಗೆ ಇದು ಫಲಿಸಿದೆ. ಪರಾಗದ ತಿಂಗಳುಗಳಲ್ಲಿ ಮಾತ್ರ ಸೀನುವವರು ಆ ತಿಂಗಳು ಮುಗಿದಾಗ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡರೆ ಈ ಪ್ರಸಂಗವೇ ಬರುವುದಿಲ್ಲ.